ಓದುವವರಿಲ್ಲದ ದಫ್ತರ

ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಯನ್ನು ಕಂಡವರು ಲಕ್ಷಗಟ್ಟಲೆ ಇರಬಹುದು. ಆದರೆ ಗವಿಮಠದ ಬಳಿಯ ಬೆಟ್ಟವನ್ನೇರಿ, ಕೊಡೆ ಹಿಡಿದಂತೆ ಚಾಚಿಕೊಂಡಿರುವ ಹೆಬ್ಬಂಡೆಯ ನೆರಳಿನಲ್ಲಿ ನಿಂತು, ಕಲ್ಲಿನಲ್ಲಿ ಕೊರೆದಿರುವ ಆ ಪುಟ್ಟ ಪುಟ್ಟ ಅಕ್ಷರಗಳನ್ನು ಕಣ್ಣಾರೆ ಕಂಡು ಬಂದವರು ಎಷ್ಟು ಮಂದಿ? ಅವು ಅಶೋಕ ಚಕ್ರವರ್ತಿಯ ಮಾತುಗಳು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ವಯಸ್ಸು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲು. ಅದೇ ಊರಿನ ಪಾಲ್ಕಿಗುಂಡಿನ ಮೇಲೆಯೂ ಇಂಥದೇ ಇನ್ನೊಂದು ಶಾಸನವುಂಟು. ಇವೆರಡೂ ವಿದ್ವಾಂಸರ ಕಣ್ಣಿಗೆ ಬಿದ್ದುದು 1931ರಲ್ಲಿ. ಮರುವರ್ಷವೇ ಟರ್ನರ್ ಎಂಬ ಪಂಡಿತರು ಅವುಗಳ ಪಾಠವನ್ನು ಸಿದ್ಧಗೊಳಿಸಿದರು; ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಅದು ಪ್ರಕಟವಾಯಿತು.

ಇಷ್ಟು ದೀರ್ಘಕಾಲ ಆ ಬಂಡೆಯ ಮೇಲೆ ಮಳೆ ಸುರಿಯಿತು, ಬಿಸಿಲು ಸುಟ್ಟಿತು. ಆದರೂ ಅಕ್ಷರ ಅಳಿಯಲಿಲ್ಲ. ಅಳಿದದ್ದು ಓದುವವರ ಸಂತತಿ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ಕನು ಅಶೋಕನ ಕಂಬಗಳನ್ನು ದೆಹಲಿಗೆ ತರಿಸಿ ನಿಲ್ಲಿಸಿದಾಗ, ಅವುಗಳ ಮೇಲೇನು ಬರೆದಿದೆಯೆಂದು ಹೇಳಬಲ್ಲ ಪಂಡಿತನೊಬ್ಬನೂ ಅವನಿಗೆ ದೊರೆಯಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಸಾಂಚಿಯ ಚಿಕ್ಕ ಚಿಕ್ಕ ಬರಹಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಎರಡು ಅಕ್ಷರಗಳು ‘ದಾನಂ’ ಎಂದಿರಬೇಕೆಂದು ಊಹಿಸಿದ ಮೇಲೆಯೇ ಆ ಬೀಗ ತೆರೆದದ್ದು.

ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ಅದೇ ಬೆಟ್ಟದ ಕೆಳಗಿನ ಸೀಮೆಯಲ್ಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜನರ ಬಾಳಿನಲ್ಲಿ, ಬರಹ ಉಳಿದು ಓದುಗ ಅಳಿಯುವ ಸಂಕಟ ಒಮ್ಮೆ ಆಗಿಹೋಗಿದೆ. ಈಗ ಅದು ಬೇರೊಂದು ವೇಷದಲ್ಲಿ ಮತ್ತೆ ಬಾಗಿಲಲ್ಲಿ ನಿಂತಿದೆ. ಈ ಸಲದ ವೇಷ ಕಂಪ್ಯೂಟರಿನದು.

ಉರ್ದುವಿನ ದಫ್ತರ

ಕೊಪ್ಪಳ ಜಿಲ್ಲೆ 1997ರ ಆಗಸ್ಟಿನಲ್ಲಿ ರಾಯಚೂರಿನಿಂದ ಬೇರೆಯಾಯಿತು. ಅದಕ್ಕೆ ಹಿಂದೆ, 1956ರ ನವೆಂಬರ್ ಒಂದನೆಯ ತಾರೀಖಿನವರೆಗೆ, ಈ ನಾಡೆಲ್ಲ ಹೈದರಾಬಾದಿಗೆ ಸೇರಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಆಡುವ ಮಾತು ಕನ್ನಡವಾದರೂ ಸಂಸ್ಥಾನದ ಕಚೇರಿಯ ಭಾಷೆ ಉರ್ದು. ‘ಪಹಣಿ’ ಎಂಬ ಮಾತು ಇಂದಿಗೂ ರೈತನ ಬಾಯಲ್ಲಿದೆ.

ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ನಮ್ಮ ಳಕಾರಕ್ಕೆ ಅಲ್ಲಿ ಬೇರೆ ಅಕ್ಷರವಿಲ್ಲ. ಆದ್ದರಿಂದ ಹೊಲದ ಹೆಸರು, ಊರ ಹೆಸರು, ಮನೆತನದ ಅಡ್ಡಹೆಸರು, ಎಲ್ಲವೂ ಕಾಗದದ ಮೇಲೆ ರೂಪ ಬದಲಿಸಿಕೊಂಡವು. ಕೊಪ್ಪಳವೇ ಅಂದಿನ ಸರಕಾರಿ ಬರಹದಲ್ಲಿ ‘ಕೊಪ್ಬಲ್’ ಆಗಿತ್ತು. ಬರೆದವನಿಗೂ ಓದುವವನಿಗೂ ಸೀಮೆಯ ಪರಿಚಯವಿದ್ದಷ್ಟು ದಿನ ಇದರಿಂದ ತೊಂದರೆಯಾಗಲಿಲ್ಲ. ಕಾಗದದಲ್ಲಿ ಬಿಟ್ಟುಹೋದುದನ್ನು ಪಟ್ವಾರಿಯ ನೆನಪು ತುಂಬುತ್ತಿತ್ತು.

1956ರ ಮೇಲೆ ಕಚೇರಿಯ ಭಾಷೆ ಬದಲಾಯಿತು. ಹಳಬರು ಒಬ್ಬೊಬ್ಬರಾಗಿ ನಿವೃತ್ತರಾದರು. ದಫ್ತರಗಳು ಮಾತ್ರ ಕೆಂಪು ಬಟ್ಟೆಯ ಗಂಟುಗಳಲ್ಲಿ ಉಳಿದವು. ಅಜ್ಜನ ಕಾಲದ ಹಿಸ್ಸೆಯ ವ್ಯಾಜ್ಯ ನ್ಯಾಯಾಲಯಕ್ಕೆ ಹೋದಾಗ ಬೇಕಾಗುವುದು ಆ ಕಾಗದವೇ. ಕಾಗದವೇನೋ ಸಿಕ್ಕೀತು, ಓದಿ ಹೇಳುವವರನ್ನು ಹುಡುಕಿಕೊಂಡು ಅಲೆಯಬೇಕು. ಆಧಾರ ಕೈಯಲ್ಲಿದ್ದೂ ಬಾಯಿ ಬಾರದ ಸ್ಥಿತಿ ಅದು.

ಕಪಾಟಿನಿಂದ ಪೆಟ್ಟಿಗೆಗೆ

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದಫ್ತರ ಮತ್ತೊಮ್ಮೆ ಮನೆ ಬದಲಿಸಿತು. ಕರ್ನಾಟಕ ಸರಕಾರದ ಕಂದಾಯ ಇಲಾಖೆಯೂ ರಾಷ್ಟ್ರೀಯ ಮಾಹಿತಿ ಕೇಂದ್ರವೂ ಸೇರಿ ‘ಭೂಮಿ’ ಯೋಜನೆಯನ್ನು ಕೈಗೊಂಡವು. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ರೈತರ ಹಕ್ಕಿನ ವಿವರ, ರಾಜ್ಯದ 177 ತಾಲೂಕು ಕೇಂದ್ರಗಳ ಕಂಪ್ಯೂಟರುಗಳನ್ನು ಸೇರಿತು. 15 ರೂಪಾಯಿ ಕೊಟ್ಟರೆ ರೈತನಿಗೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಉಳಿಯಲಿಲ್ಲ. ಅಂದರೆ, ಅಂದಿನಿಂದ ರೈತನ ಹೊಲಕ್ಕೆ ಸಾಕ್ಷಿ ಹೇಳುವುದು ಆ ಪೆಟ್ಟಿಗೆಯೇ.

ಆ ಪೆಟ್ಟಿಗೆಯ ಒಳಗೆ ಮೂವರು ಸೇವಕರಿದ್ದಾರೆಂದು ಭಾವಿಸೋಣ. ಬೆಳೆ ಸಾಲಕ್ಕೆಂದು ಪಹಣಿ ಕೇಳಲು ಬಂದ ರೈತನಿಗೆ ಕಿಟಕಿಯಲ್ಲಿ ಉತ್ತರ ಕೊಡುವ ಗುಮಾಸ್ತನೇ ಅಪ್ಲಿಕೇಷನ್. ಒಳಗಿನ ಕೋಣೆಯಲ್ಲಿ ಕುಳಿತು, ಕೇಳಿದ ಕಾಗದವನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೆಗೆದುಕೊಡುವ ದಫ್ತರದಾರನೇ ಡೇಟಾಬೇಸ್ ಸರ್ವರ್. ಇವರಿಬ್ಬರಿಗೂ ಮೇಜು, ದೀಪ, ಬೀಗ, ಕಾವಲುಗಳನ್ನೆಲ್ಲ ಒದಗಿಸುವ ಶಿರಸ್ತೇದಾರನೇ ಆಪರೇಟಿಂಗ್ ಸಿಸ್ಟಂ. ಗುಮಾಸ್ತನೂ ದಫ್ತರದಾರನೂ ತಮ್ಮ ಶಿರಸ್ತೇದಾರನ ಪದ್ಧತಿಗೆ ಒಗ್ಗಿಕೊಂಡವರು. ಬೇರೊಬ್ಬನ ಕೈಕೆಳಗೆ ಅವರು ಕೆಲಸ ಮಾಡುವರೆಂಬ ಭರವಸೆಯಿಲ್ಲ.

ಭೂಮಿಯ ಮೊದಲ ಅವತಾರದಲ್ಲಿ ಈ ಶಿರಸ್ತೇದಾರ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎನ್.ಟಿ.; ದಫ್ತರದಾರ ಅದೇ ಕಂಪನಿಯ ಎಸ್.ಕ್ಯೂ.ಎಲ್. ಸರ್ವರ್, ಗುಮಾಸ್ತನನ್ನು ತಯಾರಿಸಿದ್ದು ವಿಷುಯಲ್ ಬೇಸಿಕ್ ಎಂಬ ಭಾಷೆಯಲ್ಲಿ. ವಿಂಡೋಸ್ ಎನ್.ಟಿ. 4.0ಕ್ಕೆ ಕಂಪನಿಯ ಬೆಂಬಲ ನಿಂತದ್ದು 2004ರ ಡಿಸೆಂಬರ್ ಕೊನೆಗೆ. ಆ ಮೇಲೆ ಒಂದೊಂದಾಗಿ ವಿಂಡೋಸ್ 2000ಕ್ಕೆ 2010ರಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ಸರ್ವರ್ 2003ಕ್ಕೆ 2015ರ ಜುಲೈ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಅದೇ ಗತಿಯಾಯಿತು. ಬೆಂಬಲ ನಿಲ್ಲುವುದೆಂದರೆ ಯಂತ್ರ ನಿಲ್ಲುವುದೆಂದಲ್ಲ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಎಂದಿನಂತೆಯೇ ಏಳುತ್ತದೆ. ಆದರೆ ಇನ್ನು ಮುಂದೆ ಅದರ ಗೋಡೆಯಲ್ಲಿ ಬಿರುಕು ಕಂಡರೆ ಗಾರೆ ಹಾಕುವವರಿಲ್ಲ. ಬೀಗದ ಗುಟ್ಟು ಕಳ್ಳರಿಗೆ ತಿಳಿದರೆ ಹೊಸ ಬೀಗ ಕೊಡುವವರಿಲ್ಲ.

‘ಭೂಮಿ’ ಇದ್ದಲ್ಲಿಯೇ ಇರಲಿಲ್ಲ. ತಾಲೂಕಿನ ಪೆಟ್ಟಿಗೆಗಳಿಂದ ಹೊರಟು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿತು. ಆಸ್ತಿ ನೋಂದಣಿಯ ‘ಕಾವೇರಿ’ಯೂ ಎರಡು ದಶಕಗಳ ಹಿಂದಿನ ತನ್ನ ವೇಷವನ್ನು ಕಳಚಿ 2023ರಲ್ಲಿ ‘ಕಾವೇರಿ 2.0’ ಆಯಿತು. ದೊಡ್ಡ ಇಲಾಖೆಗಳಿಗೆ ಹಣವುಂಟು, ಎಂಜಿನಿಯರುಗಳುಂಟು. ನಮಗೆ ಚಿಂತೆಯಾಗಬೇಕಾದದ್ದು ಚಿಕ್ಕವರ ಗತಿ.

ಚಿಕ್ಕವರ ಕಷ್ಟ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾಗಿರುವ ಗಂಗಾವತಿಯ ಒಂದು ಅಕ್ಕಿ ಗಿರಣಿಯನ್ನು ಊಹಿಸಿಕೊಳ್ಳೋಣ. ಅಥವಾ ಯಲಬುರ್ಗಾ ಕಡೆಯ ಒಂದು ಸಹಕಾರಿ ಸಂಘ. ಕುಷ್ಟಗಿಯ ಒಂದು ಔಷಧದ ಅಂಗಡಿ. ಇಪ್ಪತ್ತು ವರ್ಷಗಳ ಹಿಂದೆ ಯಾರೋ ಒಬ್ಬ ಜಾಣ ಹುಡುಗ ಫಾಕ್ಸ್‌ಪ್ರೋದಲ್ಲಿ ಒಂದು ಲೆಕ್ಕದ ಪ್ರೋಗ್ರಾಮು ಬರೆದುಕೊಟ್ಟ. ಯಾವ ರೈತನಿಂದ ಎಷ್ಟು ಚೀಲ ಬಂತು, ಎಷ್ಟು ಮುಂಗಡ ಹೋಯಿತು, ಎಷ್ಟು ಬಾಕಿ ಎಂಬುದೆಲ್ಲ ಅದರಲ್ಲಿ. ಹುಡುಗ ಬೆಂಗಳೂರಿಗೋ ಹೊರದೇಶಕ್ಕೋ ಹೊರಟುಹೋದ. ಫಾಕ್ಸ್‌ಪ್ರೋದ ಕೊನೆಯ ಆವೃತ್ತಿಗೆ 2015ರ ಜನವರಿಯಲ್ಲಿ ಬೆಂಬಲ ಮುಗಿಯಿತು. ಯಂತ್ರ ಮಾತ್ರ ಇಂದಿಗೂ ಮೂಲೆಯಲ್ಲಿ ಗುಂಯ್‌ಗುಡುತ್ತಿದೆ.

“ಹೊಸದು ಕೊಳ್ಳಬಾರದೆ?” ಎಂದು ಯಾರಾದರೂ ಕೇಳಿದರೆ ಮಾಲಿಕರ ಉತ್ತರ ಸಿದ್ಧವಾಗಿರುತ್ತದೆ: “ನಡೀತಿರೋದನ್ನ ಯಾಕ್ ಕೆಣಕ್ಬೇಕ್ರೀ?” ಈ ಉತ್ತರವನ್ನು ನಾವು ಹಗುರಾಗಿ ಕಾಣಬಾರದು. ಹೊಸ ಕಂಪ್ಯೂಟರು ತಂದರೆ ಹಳೆಯ ಪ್ರೋಗ್ರಾಮು ಅದರಲ್ಲಿ ಏಳುವುದೇ ಇಲ್ಲ. ಡಾಸ್ ಕಾಲದ 16 ಬಿಟ್ಟಿನ ಪ್ರೋಗ್ರಾಮನ್ನು 64 ಬಿಟ್ಟಿನ ವಿಂಡೋಸ್ ತಾನಾಗಿ ನಡೆಸದು. ವಿಂಡೋಸ್ 11 ಇರುವುದೇ 64 ಬಿಟ್ಟಿನಲ್ಲಿ. ಹಳೆಯ ಪ್ರಿಂಟರಿನ ತಂತಿಗೆ ಹೊಸ ಯಂತ್ರದಲ್ಲಿ ತೂತೇ ಇಲ್ಲ. ಪ್ರೋಗ್ರಾಮನ್ನು ಹೊಸದಾಗಿ ಬರೆಸೋಣವೆಂದರೆ ಅದರ ಮೂಲಪ್ರತಿ ಯಾರ ಬಳಿಯಿದೆಯೋ ದೇವರೇ ಬಲ್ಲ. ಹೀಗಾಗಿ ಹಳೆಯ ಯಂತ್ರವನ್ನು ಮುದಿ ಎತ್ತಿನಂತೆ ಸಾಕಿಕೊಂಡು ಬರುತ್ತಾರೆ.

ಕನ್ನಡಕ್ಕೆ ಬಂದ ವಿಶೇಷ ತೊಡಕು

ಇಂಗ್ಲಿಷಿನಲ್ಲಿ ಲೆಕ್ಕವಿಟ್ಟವರಿಗಿಲ್ಲದ ಮತ್ತೊಂದು ತೊಡಕು ಕನ್ನಡದಲ್ಲಿ ಹೆಸರು ಬರೆದಿಟ್ಟವರಿಗುಂಟು. ವಿಶ್ವದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ನಿಗದಿ ಮಾಡಿದ ಯೂನಿಕೋಡ್ 1991ರಲ್ಲಿಯೇ ಹುಟ್ಟಿದರೂ, ವಿಂಡೋಸ್ ತಾನೇ ಕನ್ನಡವನ್ನು ಅರಿತದ್ದು 2001ರ ಎಕ್ಸ್‌ಪಿಯಲ್ಲಿ. ಅದರೊಡನೆ ಬಂದ ಅಕ್ಷರಮಾದರಿಯ ಹೆಸರು ‘ತುಂಗಾ’. ಅಲ್ಲಿಯವರೆಗೆ, ಅನೇಕ ಕಡೆ ಆ ಮೇಲೆಯೂ, ಕನ್ನಡದ ತಂತ್ರಾಂಶಗಳು ಒಂದು ಉಪಾಯ ಮಾಡುತ್ತಿದ್ದವು: ರೋಮನ್ ಅಕ್ಷರಗಳಿಗೆಂದು ಇರುವ ಸಂಖ್ಯೆಯನ್ನೇ ಕೂಡಿಟ್ಟು, ತೆರೆಯ ಮೇಲೆ ತೋರಿಸುವಾಗ ಅವುಗಳಿಗೆ ಕನ್ನಡದ ವೇಷ ತೊಡಿಸುವುದು. ಒಂದೊಂದು ತಂತ್ರಾಂಶದ್ದು ಒಂದೊಂದು ವೇಷ.

ಆ ವೇಷದ ಪೆಟ್ಟಿಗೆ, ಅಂದರೆ ಆ ಹಳೆಯ ಫಾಂಟು, ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದು ನೋಡಿದರೆ ‘ಕೊಪ್ಪಳ’ ಕೊಪ್ಪಳವಾಗಿರುವುದಿಲ್ಲ. ಕೊಂಬು, ಬಾಲ ಮೂಡಿದ ರೋಮನ್ ಅಕ್ಷರಗಳ ಒಂದು ಗೊಂದಲವಾಗಿರುತ್ತದೆ. ಉರ್ದುವಿನಲ್ಲಿ ಕೊಪ್ಪಳ ‘ಕೊಪ್ಬಲ್’ ಆದ ಕಥೆಯೇ ಇದು. ಇಲ್ಲಿ ಕಷ್ಟ ಇನ್ನೂ ಒಂದು ಮೆಟ್ಟಿಲು ಮೇಲಕ್ಕೇರಿದೆ. ಇಂಥ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳುಂಟು. ಆದರೆ ಒತ್ತಕ್ಷರ, ಅರ್ಕಾವತ್ತುಗಳ ಜಾಗದಲ್ಲಿ ಅವು ಎಡವುವುದೂ ಉಂಟು. ಒಂದು ಒತ್ತು ಜಾರಿದರೆ ತಂದೆಯ ಹೆಸರು ಬೇರೆ, ಮಗನ ಆಧಾರ್ ಕಾರ್ಡಿನ ಹೆಸರು ಬೇರೆ. ಆ ಒಂದು ಒತ್ತಿಗಾಗಿ ರೈತನು ಎಷ್ಟು ಸಲ ಬಸ್ಸು ಹತ್ತಿ ಇಳಿಯಬೇಕಾಗುವುದೆಂಬುದನ್ನು ಅನುಭವಿಸಿದವರೇ ಬಲ್ಲರು.

ಬಾಗಿಲು ತೆರೆದಿಟ್ಟ ಮನೆ

ಹಳೆಯ ಯಂತ್ರವನ್ನು ಹೊರಗಿನ ಜಾಲಕ್ಕೆ ಜೋಡಿಸಿಡುವುದು, ಸಂತೆಯ ದಿನ ಬಾಗಿಲು ತೆರೆದಿಟ್ಟು ಹೊಲಕ್ಕೆ ಹೋದಂತೆ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಪೀಡೆ ಹಬ್ಬಿತು. ಅದು ಕಂಪ್ಯೂಟರಿನೊಳಗೆ ನುಗ್ಗಿ, ಇದ್ದ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣ ಕೇಳುತ್ತಿತ್ತು. 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಅದಕ್ಕೆ ಸಿಕ್ಕಿದವು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯ 236 ಘಟಕಗಳಲ್ಲಿ ಸುಮಾರು 80ಕ್ಕೆ ಪೆಟ್ಟು ಬಿತ್ತು. ನಮ್ಮ ನೆರೆಯ ಕೇರಳದ ವಯನಾಡಿನಲ್ಲಿ ಒಂದು ಗ್ರಾಮ ಪಂಚಾಯತಿಯ ಕಂಪ್ಯೂಟರುಗಳನ್ನೂ ಅದು ಬಿಡಲಿಲ್ಲ. ದೊಡ್ಡ ನಗರ, ಚಿಕ್ಕ ಹಳ್ಳಿ ಎಂಬ ಭೇದ ಈ ಪೀಡೆಗಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಂದು ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7ರ ಯಂತ್ರಗಳು. ಅವುಗಳಿಗೆ ಆಗ ಬೆಂಬಲವಿನ್ನೂ ಇತ್ತು. ಎರಡು ತಿಂಗಳ ಮುಂಚೆಯೇ ಕಂಪನಿ ಮದ್ದು ಕೊಟ್ಟಿದ್ದರೂ ಯಜಮಾನರು ಹಾಕಿಸಿಕೊಂಡಿರಲಿಲ್ಲ. ಎಕ್ಸ್‌ಪಿಯಂಥ ಹಳೆಯವುಗಳಿಗಾದರೋ ಅನಾಹುತವಾದ ಮೇಲೆಯೇ, ಕಂಪನಿಯ ವಿಶೇಷ ಕೃಪೆಯಿಂದ, ಮದ್ದು ದೊರೆಯಿತು. ಅಂಥ ಕೃಪೆ ಪ್ರತಿಸಲವೂ ದೊರೆಯುವುದೆಂದು ನಂಬಿ ಕೂಡುವಂತಿಲ್ಲ. ಇದೇ ಭಯದಿಂದ ಭಾರತೀಯ ರಿಸರ್ವ್ ಬ್ಯಾಂಕು 2018ರ ಜೂನಿನಲ್ಲಿ, ಬೆಂಬಲವಿಲ್ಲದ ಆಪರೇಟಿಂಗ್ ಸಿಸ್ಟಂ ಇರುವ ಎ.ಟಿ.ಎಂ.ಗಳನ್ನೆಲ್ಲ 2019ರ ಜೂನಿನೊಳಗೆ ಹೊಸದಕ್ಕೆ ಬದಲಿಸಬೇಕೆಂದು ಬ್ಯಾಂಕುಗಳಿಗೆ ಅಪ್ಪಣೆ ಮಾಡಿತು.

ಹಾಗಾದರೆ ಮಾಡಬೇಕಾದುದೇನು?

ಹಳೆಯ ಯಂತ್ರವನ್ನು ನಾಳೆಯೇ ಬೀದಿಗೆಸೆಯಿರೆಂದು ಹೇಳುವುದು ಸುಲಭ, ಅದು ವಿವೇಕವಲ್ಲ. ಬಲ್ಲವರು ಹೇಳುವ ದಾರಿ ಬೇರೆ.

ಮೊದಲು, ಆ ಯಂತ್ರವನ್ನು ಜಾಲದಿಂದ ಬಿಡಿಸಬೇಕು. ಅದಕ್ಕೆ ಇಂಟರ್‌ನೆಟ್ಟಿನ ಗಾಳಿ ಸೋಕಬಾರದು. ಕಂಡಕಂಡವರ ಪೆನ್‌ಡ್ರೈವು ಅದರ ಬಾಯಿಗೆ ಹೋಗಬಾರದು.

ಎರಡನೆಯದಾಗಿ ಪ್ರತಿಗಳು: ಮೂರು ಇರಲಿ, ಒಂದಾದರೂ ಬೇರೆ ಕಟ್ಟಡದಲ್ಲಿರಲಿ. ಪ್ರತಿ ತೆಗೆದುದರಿಂದಲೇ ಕೆಲಸ ಮುಗಿಯಲಿಲ್ಲ. ಅದನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡದವನು ಬಿತ್ತನೆಯ ಬೀಜವನ್ನು ಮೊಳಕೆ ನೋಡದೆ ಕೂಡಿಟ್ಟ ರೈತನಂತೆ. ಎಸ್.ಕ್ಯೂ.ಎಲ್. ಸರ್ವರ್ 2000ರ ಪ್ರತಿಯನ್ನು 2012ರ ಆವೃತ್ತಿ ಸ್ವೀಕರಿಸುವುದಿಲ್ಲ; ನಡುವೆ 2005ರ ಅಥವಾ 2008ರ ಆವೃತ್ತಿಯೆಂಬ ದುಭಾಷಿ ಬೇಕು. ಎರಡು ತಲೆಮಾರು ಬಿಟ್ಟರೆ ಅಜ್ಜನ ಮಾತು ಮೊಮ್ಮಗನಿಗೆ ತಿಳಿಯದು. ನಡುವಣ ತಂದೆಯನ್ನು ಇಂದೇ ಹುಡುಕಿ ಇಟ್ಟುಕೊಳ್ಳಬೇಕು.

ಮೂರನೆಯದು, ಯಂತ್ರದೊಳಗೆ ಯಂತ್ರವನ್ನಿಡುವ ಉಪಾಯ. ಹಳೆಯ ಡಿಸ್ಕನ್ನು ಇದ್ದುದಿದ್ದಂತೆ ನಕಲಿಳಿಸಿ, ಹೊಸ ಕಂಪ್ಯೂಟರಿನೊಳಗೆ ಒಂದು ಕಾಲ್ಪನಿಕ ಹಳೆಯ ಯಂತ್ರವನ್ನು ಸೃಷ್ಟಿಸಿ ಅದರಲ್ಲಿ ನಡೆಸುವುದು. ಇದರಿಂದ ತುಕ್ಕು ಹಿಡಿಯುತ್ತಿರುವ ಕಬ್ಬಿಣದ ಭಯ ತಪ್ಪುತ್ತದೆ. ಬೀಗದ ಭಯ ತಪ್ಪುವುದಿಲ್ಲ. ಇದು ದಾರಿಯ ನಡುವಣ ಛತ್ರ. ಇಲ್ಲಿ ಸಂಸಾರ ಹೂಡಬಾರದು.

ನಾಲ್ಕನೆಯದೇ ನಿಜವಾದ ಕೆಲಸ: ವಿವರಗಳನ್ನು ಯಾವ ಯಂತ್ರವಾದರೂ ಓದಬಲ್ಲ ಸರಳ ಪಟ್ಟಿಗಳಾಗಿ, ಯೂನಿಕೋಡ್ ಕನ್ನಡದಲ್ಲಿ ಹೊರಗೆ ತೆಗೆಯುವುದು. ಇದರಲ್ಲಿ ಎಚ್ಚರ ಬೇಕು. ಪಹಣಿಯಲ್ಲಿ 3-20 ಎಂದರೆ ಮೂರು ಎಕರೆ ಇಪ್ಪತ್ತು ಗುಂಟೆ. ಹಳೆಯ ಪ್ರೋಗ್ರಾಮಿನಲ್ಲಿ ಅದು 3.20 ಎಂದು ಕುಳಿತಿರಬಹುದು. ಅದಕ್ಕೆ 1.25ನ್ನು ಕೂಡಿಸಿದರೆ ಹೊಸ ಯಂತ್ರ 4.45 ಎನ್ನುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ ಸರಿಯಾದ ಉತ್ತರ ಐದು ಎಕರೆ ಐದು ಗುಂಟೆ. ಇಪ್ಪತ್ತು ಗುಂಟೆ ಕೂಡಿ ಅರ್ಧ ಎಕರೆಯಾಗುವುದೆಂಬ ಜ್ಞಾನ ಅಂಕಿಯಲ್ಲಿರಲಿಲ್ಲ. ಅಂಕಿಯನ್ನು ನಡೆಸುತ್ತಿದ್ದ ಪ್ರೋಗ್ರಾಮಿನಲ್ಲಿತ್ತು. ಅಂಕಿಯನ್ನು ಸಾಗಿಸಿ ಆ ಜ್ಞಾನವನ್ನು ಹಿಂದೆ ಬಿಟ್ಟರೆ, ಕಾಗದದ ಮೇಲೆ ಹೊಲ ಕರಗುತ್ತದೆ. ಹೊಲವಿರುವ ಊರಿನ ತಾಲೂಕೂ ಇಂದು ಬೇರೆಯಾಗಿರಬಹುದು: ಹಿಂದೆ ನಾಲ್ಕೇ ತಾಲೂಕುಗಳಿದ್ದ ಜಿಲ್ಲೆಯಲ್ಲಿ ಕನಕಗಿರಿ, ಕಾರಟಗಿ, ಕುಕನೂರುಗಳು ಸೇರಿ ಈಗ ಏಳಾಗಿವೆ. ಹಳೆಯ ಗುರುತಿನ ಸಂಖ್ಯೆಗಳ ಅರ್ಥವನ್ನು ಬರೆದಿಡದಿದ್ದರೆ ಕನಕಗಿರಿಯ ರೈತ ಗಂಗಾವತಿಯಲ್ಲಿಯೇ ಉಳಿದುಬಿಟ್ಟಾನು. ಆದ್ದರಿಂದ ಸಾಗಣೆಯ ಮುಂಚೆ ಎಷ್ಟು ದಾಖಲೆ, ಎಷ್ಟು ಎಕರೆ ಎಷ್ಟು ಗುಂಟೆ, ಎಷ್ಟು ರೂಪಾಯಿ ಎಂಬ ಮೊತ್ತಗಳನ್ನು ಕಾಗದದ ಮೇಲೆ ಬರೆದುಕೊಂಡು, ಸಾಗಣೆಯಾದ ಮೇಲೆ ತಾಳೆ ನೋಡಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಅಗ್ಗ. ಆ ಯಂತ್ರದ ಗುಣಾವಗುಣ ಬಲ್ಲ ಒಬ್ಬ ಗುಮಾಸ್ತರು ಪ್ರತಿ ಕಚೇರಿಯಲ್ಲಿಯೂ ಇರುತ್ತಾರೆ. ಯಾವ ಗುಪ್ತಪದ, ಯಾವ ಸಂಕೇತಕ್ಕೆ ಯಾವ ಅರ್ಥ, ತಿಂಗಳ ಕೊನೆಗೆ ಯಾವ ಗುಂಡಿ ಒತ್ತಬಾರದು ಎಂಬುದು ಅವರ ತಲೆಯಲ್ಲಿದೆ. ಅವರ ನಿವೃತ್ತಿಯ ದಿನ ಶಾಲು ಹೊದಿಸಿ ಹಾರ ಹಾಕುವುದಕ್ಕೆ ಮೊದಲು, ಒಂದು ವಾರ ಅವರ ಮುಂದೆ ನೋಟುಪುಸ್ತಕ ಹಿಡಿದು ಕೂಡಿರಿ. ಪಟ್ವಾರಿಯ ನೆನಪಿನೊಡನೆ ಹೋದುದನ್ನು ನಮ್ಮ ಹಿರಿಯರು ಮತ್ತೆ ಪಡೆಯಲಾರದೆ ಹೋದರು. ಅದೇ ತಪ್ಪನ್ನು ನಾವೂ ಮಾಡಬೇಕೆ?

ಕಲ್ಲಿಗಿದ್ದ ಆಯುಷ್ಯ

ಗವಿಮಠದ ಬಂಡೆಗೆ ಅವಸರವಿರಲಿಲ್ಲ. ಓದುವವರು ಇಲ್ಲವಾದ ಮೇಲೆಯೂ ಅದು ಶತಮಾನಗಳ ಕಾಲ ಮೌನವಾಗಿ ಕಾದಿತು; ಕೊನೆಗೊಬ್ಬ ಪ್ರಿನ್ಸೆಪ್ ಬಂದನು. ಗಂಗಾವತಿಯ ಗಿರಣಿಯ ಮೂಲೆಯಲ್ಲಿ ತಿರುಗುತ್ತಿರುವ ಆ ಡಿಸ್ಕಿಗೆ ಅಷ್ಟು ತಾಳ್ಮೆಯೂ ಇಲ್ಲ, ಅಷ್ಟು ಆಯುಷ್ಯವೂ ಇಲ್ಲ. ಹತ್ತು ವರ್ಷ ಬಾಳಿದರೆ ಹೆಚ್ಚು. ನಿಲ್ಲುವ ಮುನ್ನ ಹೇಳಿ ನಿಲ್ಲುವುದೆಂಬ ಭರವಸೆಯೂ ಇಲ್ಲ.

ಅದರೊಳಗಿರುವುದು ಚಕ್ರವರ್ತಿಯ ಧರ್ಮಶಾಸನವಲ್ಲದಿರಬಹುದು. ಒಬ್ಬ ರೈತನ ಎಂಟು ಚೀಲ ಭತ್ತದ ಬಾಕಿ, ಒಬ್ಬ ವಿಧವೆಯ ಸಂಘದ ಷೇರು, ಇಬ್ಬರು ಅಣ್ಣತಮ್ಮಂದಿರ ಸಾಲದ ಕಂತು. ಆದರೆ ಅವರವರಿಗೆ ಅದೇ ಶಿಲಾಶಾಸನ. ಅದನ್ನು ಓದಬಲ್ಲವರು ನಮ್ಮ ನಡುವೆ ಇನ್ನೂ ಇರುವಾಗಲೇ, ಮುಂದಿನವರು ಓದಬಲ್ಲ ಅಕ್ಷರದಲ್ಲಿ ಅದನ್ನು ಬರೆದಿಡುವುದು ನಮ್ಮ ಪಾಲಿನ ಕೆಲಸ.